ಗುಂಡು ಹಾರಿದ ಮೇಲೆ

ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನವೂ ಹೋಗಿಬರುವವರಿಗೆ ರೈಲೇ ಅರಳಿಕಟ್ಟೆ. ಟೇಕಲ್ ಬರುವಷ್ಟರಲ್ಲಿ ಮನೆ, ಮಳೆ, ಟೊಮೆಟೊ ದರ ಎಲ್ಲವೂ ಮುಗಿದಿರುತ್ತವೆ. ಮಾಲೂರಿನಲ್ಲಿ ಜನ ತುಂಬಿಕೊಂಡು ಕೈಕಾಲು ಆಡಿಸಲು ಜಾಗವಿಲ್ಲದಂತಾಗುತ್ತದೆ. ಅಲ್ಲಿಂದ ವೈಟ್‌ಫೀಲ್ಡ್‌ವರೆಗೆ ಆಡಿಸಬಹುದಾದದ್ದು ನಾಲಿಗೆ ಒಂದೇ. ನಮ್ಮ ಡಬ್ಬಿಯ ಪಾಸ್ ಗೆಳೆಯರಲ್ಲಿ ಒಬ್ಬಳು ನರ್ಸ್, ಒಬ್ಬ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಇತಿಹಾಸದ ಉಪನ್ಯಾಸಕ, ಇನ್ನೊಬ್ಬ ಸಾಫ್ಟ್‌ವೇರಿನವನು, ನಾಲ್ಕನೆಯವನು ನಾನು. ನಾಲ್ವರಿಗೂ ವೈಜ್ಞಾನಿಕ ಕಥೆಗಳ ಧಾರಾವಾಹಿಗಳ ಹುಚ್ಚು. ಎದುರು ಸೀಟಿನಲ್ಲಿ ಕಿಟಕಿಯ ಪಕ್ಕ ಒಬ್ಬರು ಹಿರಿಯರು ಕೂರುತ್ತಾರೆ. ಸೈನ್ಯದಿಂದ ನಿವೃತ್ತರಾಗಿ ಈಗ ವೈಟ್‌ಫೀಲ್ಡಿನ ಒಂದು ಕಂಪನಿಯ ಗೇಟಿನಲ್ಲಿ ಭದ್ರತಾ ಕೆಲಸ ಮಾಡುತ್ತಾರೆ. ನಮಗೆ ಅವರು ಹವಾಲ್ದಾರರು. ನಮ್ಮ ಧಾರಾವಾಹಿ ಪುರಾಣವನ್ನು ಅವರು ಕಣ್ಣು ಮುಚ್ಚಿಕೊಂಡು ಸಹಿಸಿಕೊಳ್ಳುತ್ತಾರೆ.

ಈಚೆಗೆ ಒಂದು ವಾರ ಪೂರ್ತಿ ನಮ್ಮನ್ನು ಹಿಡಿದುಕೊಂಡಿದ್ದು ‘ಬ್ಲ್ಯಾಕ್ ಮಿರರ್’ ಸರಣಿಯ ‘ಮೆನ್ ಅಗೇನ್ಸ್ಟ್ ಫೈರ್’. ಚಾರ್ಲಿ ಬ್ರೂಕರ್ ಬರೆದದ್ದು, 2016ರ ಅಕ್ಟೋಬರ್‌ನಲ್ಲಿ ಬಂದದ್ದು. ನರ್ಸ್ ಗೆಳತಿ ಅದನ್ನು ತಡವಾಗಿ ನೋಡಿ, ನಿದ್ದೆಗೆಟ್ಟು, ಮರುದಿನ ಬೆಳಿಗ್ಗೆ ಆ ನಿದ್ದೆಗೇಡನ್ನು ನಮಗೂ ಹಂಚಿದಳು. ಮುಂದೆ ಕಥೆಯ ಗುಟ್ಟನ್ನೆಲ್ಲ ಬಿಚ್ಚಿಡುತ್ತೇನೆ. ನೋಡಬೇಕೆಂದಿರುವವರು ಇಲ್ಲಿಯೇ ಇಳಿದುಕೊಳ್ಳಬಹುದು.

ಹೆಸರಿಲ್ಲದ ಒಂದು ದೇಶ, ಯುದ್ಧ ಮುಗಿದು ಹತ್ತು ವರ್ಷ. ಸೈನಿಕರ ಕೆಲಸ ‘ಜಿರಲೆ’ಗಳನ್ನು ಬೇಟೆಯಾಡುವುದು. ಇವು ಹಲ್ಲು ಕಿರಿಯುವ, ಕಿರುಚುವ, ವಿಕಾರ ಮೋರೆಯ ಪ್ರಾಣಿಗಳು. ಹಳ್ಳಿಯವರ ಆಹಾರ ಕದಿಯುತ್ತವೆ. ಸ್ಟ್ರೈಪ್ ಎಂಬ ಹೊಸ ಸೈನಿಕ ಮೊದಲ ದಾಳಿಯಲ್ಲೇ ಎರಡನ್ನು ಕೊಲ್ಲುತ್ತಾನೆ, ಒಂದನ್ನು ಗುಂಡಿನಿಂದ, ಇನ್ನೊಂದನ್ನು ಕೈಯಾರೆ ಚಾಕುವಿನಿಂದ. ಸಾಯುವ ಮುಂಚೆ ಒಂದು ಜಿರಲೆ ಅವನ ಕಣ್ಣಿಗೆ ಹಸಿರು ಬೆಳಕಿನ ಸಾಧನವೊಂದನ್ನು ಹಿಡಿದಿರುತ್ತದೆ. ಅಲ್ಲಿಂದ ಅವನ ತಲೆಯೊಳಗಿನ ಯಂತ್ರ ಕೆಡಲು ಶುರುವಾಗುತ್ತದೆ. ಮೊದಲು ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ ಮುಂದಿನ ದಾಳಿಯಲ್ಲಿ ಅವನಿಗೆ ಕಾಣುವುದು ಜಿರಲೆಗಳಲ್ಲ, ಹೆದರಿ ಮೂಲೆ ಸೇರಿದ ಹೆಂಗಸರು, ಮಕ್ಕಳು. ಪ್ರತಿ ಸೈನಿಕನ ತಲೆಯಲ್ಲೂ ‘ಮಾಸ್’ ಎಂಬ ಸಾಧನವಿದೆ. ಶತ್ರುವಿನ ಮುಖವನ್ನು ವಿಕಾರ ಮಾಡುವುದು, ಮಾತನ್ನು ಕಿರುಚಾಟ ಮಾಡುವುದು, ರಕ್ತದ ವಾಸನೆಯನ್ನು ಅಳಿಸುವುದು, ಎಲ್ಲ ಅದರ ಕೆಲಸ. (ಕನ್ನಡ ಸಿನಿಮಾ ನೋಡಿ ಬೆಳೆದ ನಮಗೆ ‘ಮಾಸ್’ ಎಂದರೆ ನಾಯಕ ನಿಧಾನಗತಿಯಲ್ಲಿ ನಡೆದು ಬರುವುದು. ಒಂದು ದಿನ ಆ ನಗುವಿನಲ್ಲೇ ಕಳೆಯಿತು.)

ಕೊನೆಗೆ ಸ್ಟ್ರೈಪ್‌ನನ್ನು ಬಿಳಿ ಕೋಣೆಯಲ್ಲಿ ಕೂಡಿಹಾಕಿ, ಆರ್ಕೆಟ್ ಎಂಬ ಸೇನಾ ಮನಶ್ಶಾಸ್ತ್ರಜ್ಞ ಎಲ್ಲವನ್ನೂ ವಿವರಿಸುತ್ತಾನೆ. ಮನುಷ್ಯರಿಗೆ ಮನುಷ್ಯರನ್ನು ಕೊಲ್ಲಲು ಮನಸ್ಸಿಲ್ಲ, ಹಿಂದಿನ ಮಹಾಯುದ್ಧದಲ್ಲೂ ನೂರಕ್ಕೆ ಹದಿನೈದಿಪ್ಪತ್ತು ಸೈನಿಕರು ಮಾತ್ರ ಗುಂಡು ಹಾರಿಸುತ್ತಿದ್ದರು ಎನ್ನುತ್ತಾನೆ.

ಆ ಲೆಕ್ಕ ನಮ್ಮ ಸಾಫ್ಟ್‌ವೇರ್ ಗೆಳೆಯನ ಮನಸ್ಸಿಗೆ ಬಹಳ ಹಿಡಿಸಿಬಿಟ್ಟಿತ್ತು. “ನೂರರಲ್ಲಿ ಎಂಬತ್ತು ಜನ ಹಾರಿಸಲೇ ಇಲ್ಲ ಎಂದರೆ ಮನುಷ್ಯ ಒಳ್ಳೆಯವನೇ ಅಲ್ಲವೇ?” ಎಂದ. ಹಾಗೆ ನಂಬಿಕೊಂಡು ಆಫೀಸಿಗೆ ಹೋದರೆ ದಿನ ಚೆನ್ನಾಗಿ ಕಳೆಯುತ್ತದೆ, ನಿಜ. ಆದರೆ ಉಪನ್ಯಾಸಕ ಬಿಡಲಿಲ್ಲ.

ಲೆಕ್ಕದ ಮೂಲ ಎಸ್.ಎಲ್.ಎ. ಮಾರ್ಷಲ್ ಎಂಬ ಅಮೆರಿಕನ್. ಪತ್ರಕರ್ತನಾಗಿದ್ದವನು, ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಇತಿಹಾಸಕಾರನಾದ. ಕಾಳಗ ಮುಗಿದ ಕೂಡಲೇ ತುಕಡಿಯನ್ನು ಒಟ್ಟಿಗೆ ಕೂರಿಸಿ, ನಡೆದದ್ದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಅವನ ಪದ್ಧತಿ. 1947ರಲ್ಲಿ ಅವನು ಬರೆದ ಪುಸ್ತಕದ ಹೆಸರೇ ಈ ಸಂಚಿಕೆಯ ಹೆಸರು. ನೂರು ಸೈನಿಕರಲ್ಲಿ ಶತ್ರುವಿನ ಮೇಲೆ ಗುಂಡು ಹಾರಿಸುವವರು 15, ಹೆಚ್ಚೆಂದರೆ 25 ಎಂದು ಅಲ್ಲಿ ಹೇಳಿದ. ಸೈನ್ಯಗಳು ಬೆಚ್ಚಿಬಿದ್ದವು, ತರಬೇತಿಗಳು ಬದಲಾದವು. ನಲವತ್ತು ವರ್ಷ ಯಾರೂ ಹೆಚ್ಚು ತಕರಾರು ತೆಗೆಯಲಿಲ್ಲ. 1988ರಲ್ಲಿ ರೋಜರ್ ಸ್ಪಿಲರ್ ಎಂಬ ಇತಿಹಾಸಕಾರ ಮಾರ್ಷಲ್‌ನ ಕಾಗದಪತ್ರ ಜಾಲಾಡಿದಾಗ ಆ ಅಂಕಿಗಳಿಗೆ ಆಧಾರವೇ ಸಿಗಲಿಲ್ಲ. ಸಂದರ್ಶನಗಳಲ್ಲಿ ಜೊತೆಗಿದ್ದ ಸಹಾಯಕನಿಗೂ, ‘ನೀನು ಗುಂಡು ಹಾರಿಸಿದೆಯಾ’ ಎಂದು ಮಾರ್ಷಲ್ ಯಾರನ್ನಾದರೂ ಕೇಳಿದ್ದು ನೆನಪಿರಲಿಲ್ಲ. ಆಮೇಲೆ ಕೆನಡಾದ ರಾಬರ್ಟ್ ಎಂಗೆನ್ ತಮ್ಮ ದೇಶದ ಅಧಿಕಾರಿಗಳು ಅದೇ ಯುದ್ಧದಲ್ಲಿ ತುಂಬಿಕೊಟ್ಟಿದ್ದ ಪ್ರಶ್ನಾವಳಿಗಳನ್ನು ಓದಿದರು. ಸೈನಿಕರು ಗುಂಡು ಹಾರಿಸುವುದಿಲ್ಲ ಎಂಬ ಚಿಂತೆ ಅಲ್ಲಿಯೂ ಕಾಣಲಿಲ್ಲ.

ಹಾಗಾದರೆ ಎಲ್ಲ ಸುಳ್ಳೇ? ಅಷ್ಟು ಸುಲಭವಿಲ್ಲ. ಇದೇ ವಾದಕ್ಕೆ ಸದಾ ಎಳೆದು ತರುವ ಇನ್ನೊಂದು ಸಾಕ್ಷ್ಯವಿದೆ. 1863ರ ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ರಣರಂಗದಿಂದ 27,574 ಬಂದೂಕುಗಳನ್ನು ಆಯ್ದು ತಂದರು. ಸುಮಾರು 24,000 ಬಂದೂಕುಗಳಲ್ಲಿ ಮದ್ದುಗುಂಡು ತುಂಬಿದಂತೆಯೇ ಇತ್ತು. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು, ಎರಡು ಅಥವಾ ಹೆಚ್ಚು ಗುಂಡುಗಳು. ಒಂದು ಬಂದೂಕಿನಲ್ಲಂತೂ ಇಪ್ಪತ್ತಮೂರು! ಆಗಿನ ಬಂದೂಕಿಗೆ ಮೂತಿಯಿಂದ ಮದ್ದು, ಗುಂಡು ತುರುಕಿ, ಸಲಾಕೆಯಿಂದ ಜಡಿಯಬೇಕಿತ್ತು. ಇಪ್ಪತ್ತಮೂರು ಬಾರಿ ಜಡಿದವನು ಒಮ್ಮೆಯೂ ಹಾರಿಸಿರಲಿಲ್ಲ. ಕೊಲ್ಲಲು ಮನಸ್ಸಿಲ್ಲದೆ, ಪಕ್ಕದವನ ಕಣ್ಣಿಗೆ ಕೆಲಸ ಮಾಡುತ್ತಿರುವಂತೆ ಕಾಣಲು ಹಾಗೆ ಮಾಡುತ್ತಿದ್ದರು ಎನ್ನುವವರು ಕೆಲವರು. ಗದ್ದಲ, ಹೊಗೆ, ಭಯದಲ್ಲಿ ತನ್ನ ಬಂದೂಕು ಹಾರಿತೋ ಇಲ್ಲವೋ ಎಂಬುದೇ ತಿಳಿಯದೆ ಮತ್ತೆ ತುಂಬುತ್ತಿದ್ದರು ಎನ್ನುವವರು ಇನ್ನು ಕೆಲವರು. ನನಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಹೆದರಿದ ಕೈ ತನಗೆ ಗೊತ್ತಿರುವ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ. ಅದರಲ್ಲಿ ಕರುಣೆಯನ್ನು ಹುಡುಕುವುದು ನಮ್ಮ ಆಸೆ.

ಹೆದರಿದ ದೇಹ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ‘ಸೀದಂತಿ ಮಮ ಗಾತ್ರಾಣಿ ಮುಖಂ ಚ ಪರಿಶುಷ್ಯತಿ’: ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮ ನಿಮಿರುತ್ತಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ. ಗೀತೆಯ ಮೊದಲ ಅಧ್ಯಾಯದ ಈ ಸಾಲುಗಳನ್ನು ನರ್ಸ್ ಗೆಳತಿ ತನ್ನ ವಾರ್ಡಿನ ಚಾರ್ಟಿನಂತೆ ಓದಿದಳು. ಅಡ್ರಿನಲಿನ್ ಏರಿದಾಗ ಜೊಲ್ಲು ನಿಲ್ಲುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಬೆರಳುಗಳ ನಯವಾದ ಹಿಡಿತ ಹೋಗುತ್ತದೆ, ನೋಟ ಕೊಳವೆಯಷ್ಟು ಕಿರಿದಾಗುತ್ತದೆ. ಆದರೆ ಅರ್ಜುನ ನಡುಗಿದ್ದು ಸಾವಿನ ಭಯಕ್ಕಲ್ಲ. ಎದುರು ನಿಂತವರ ಮುಖಗಳು ಅವನಿಗೆ ಗುರುತು ಸಿಕ್ಕಿದ್ದವು. “ಅರ್ಜುನನಿಗೆ ಒಂದು ಮಾಸ್ ಹಾಕಿದ್ದರೆ ಹದಿನೆಂಟು ಅಧ್ಯಾಯ ಉಳಿಯುತ್ತಿತ್ತು” ಎಂದ ಸಾಫ್ಟ್‌ವೇರಿನವನು. ಪಕ್ಕದ ಸೀಟಿನ ಅಜ್ಜಿಯೊಬ್ಬರು ಅವನನ್ನು ನೋಡಿದ ನೋಟಕ್ಕೆ ಒಂದು ನಿಲ್ದಾಣದವರೆಗೆ ಮಾತು ನಿಂತಿತು.

ಆಗ ಹವಾಲ್ದಾರರು ಕಣ್ಣು ತೆರೆದರು. “ಹಾರಿಸುವುದು ಕಷ್ಟವಲ್ಲ,” ಎಂದರು. “ಅದನ್ನು ಕಲಿಸುತ್ತಾರೆ.”

ಕಲಿಸುವುದು ಹೇಗೆ ಎಂದು ಅವರು ಹೇಳಿದ್ದು ಬಹಳ ಸರಳವಾಗಿತ್ತು. ಫೈರಿಂಗ್ ರೇಂಜಿನಲ್ಲಿ ಎದುರು ನಿಲ್ಲಿಸುವುದು ದುಂಡನೆಯ ಗುರಿಫಲಕವನ್ನಲ್ಲ. ‘ಫಿಗರ್ ಹನ್ನೊಂದು’, ಬಂದೂಕು ಹಿಡಿದು ನಮ್ಮತ್ತಲೇ ನುಗ್ಗಿ ಬರುವ ಮನುಷ್ಯಾಕೃತಿ. ಅದು ಏಳುತ್ತದೆ, ಹೊಡೆಯಬೇಕು, ಬೀಳುತ್ತದೆ, ಮತ್ತೆ ಏಳುತ್ತದೆ. ಸಾವಿರ ಸಲ ಹೊಡೆದ ಮೇಲೆ ಬೆರಳು ತಲೆಯನ್ನು ಕೇಳುವುದಿಲ್ಲ. ಅಮೆರಿಕದ ಸೈನ್ಯವೂ 1950ರ ದಶಕದಲ್ಲಿ ದುಂಡು ಗುರಿಗಳನ್ನು ಬಿಟ್ಟು, ಇದ್ದಕ್ಕಿದ್ದಂತೆ ಮೇಲೇಳುವ ಮನುಷ್ಯಾಕೃತಿಗಳಿಗೆ ಬದಲಾಯಿಸಿಕೊಂಡಿತು. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ಪಾವ್ಲೋವನ ನಾಯಿಯ ತತ್ತ್ವವೇ ಇದು ಎನ್ನುತ್ತಾರಲ್ಲ, ಅದಕ್ಕಿಂತ ನಮ್ಮ ಸೈಕಲ್ ಕಲಿಕೆಗೆ ಇದು ಹತ್ತಿರ. ಯೋಚಿಸಿದರೆ ಬೀಳುತ್ತೀರಿ, ಆದ್ದರಿಂದ ಯೋಚನೆಯ ಅಗತ್ಯವಿಲ್ಲದಷ್ಟು ಅಭ್ಯಾಸ ಮಾಡಿಸುತ್ತಾರೆ.

ಎರಡನೆಯ ಸಾಧನ ಪಕ್ಕದವನು. ಯುದ್ಧಾನಂತರ, 1948ರಲ್ಲಿ, ಶಿಲ್ಸ್ ಮತ್ತು ಯಾನೋವಿಟ್ಜ್ ಎಂಬ ಸಮಾಜಶಾಸ್ತ್ರಜ್ಞರು ಜರ್ಮನ್ ಸೈನಿಕರು ಸೋಲು ಖಚಿತವಾದ ಮೇಲೂ ಏಕೆ ಕಾದಾಡಿದರು ಎಂದು ಹುಡುಕುತ್ತ ಹೋದರು. ನಾಜಿ ಸಿದ್ಧಾಂತಕ್ಕಿಂತ ಹೆಚ್ಚಾಗಿ ಒಂದೇ ಗುಂಡಿಯಲ್ಲಿ ಮಲಗಿ ಒಂದೇ ಪಾತ್ರೆಯಲ್ಲಿ ಉಂಡ ಏಳೆಂಟು ಜನರ ಬಂಧವೇ ಅವರಿಗೆ ಕಂಡ ಉತ್ತರ. ಮಾರ್ಷಲ್‌ನ ಅಂಕಿ ಸುಳ್ಳಾದರೂ ಅವನ ಒಂದು ಗಮನಿಕೆ ಇದಕ್ಕೆ ಹೊಂದುತ್ತದೆ: ಇಬ್ಬರು ಮೂವರು ಸೇರಿ ನಡೆಸುವ ಮಷೀನ್‌ಗನ್‌ಗಳು ಸುಮ್ಮನಿರುವುದಿಲ್ಲ. ಒಬ್ಬಂಟಿಯಾಗಿ ನಿಂತವನು ಗುಂಡು ಆಕಾಶಕ್ಕೆ ಹಾರಿಸಬಹುದು. ಪಕ್ಕದವನು ನೋಡುತ್ತಿದ್ದರೆ ಆಗದು.

ಇದರ ಅತ್ಯಂತ ಕರಾಳ ಪುರಾವೆ ಸೈನಿಕರದ್ದೇ ಅಲ್ಲ. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫೂವ್ ಊರಿಗೆ ಜರ್ಮನಿಯ 101ನೇ ಮೀಸಲು ಪೊಲೀಸ್ ತುಕಡಿ ಬಂತು. ಸುಮಾರು 500 ಜನ. ಹ್ಯಾಂಬರ್ಗಿನ ಸಾಮಾನ್ಯ ನಡುವಯಸ್ಸಿನವರು, ಬಂದರಿನ ಕೂಲಿಗಳು, ಲಾರಿ ಚಾಲಕರು. ಊರಿನ ಯಹೂದಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲುವ ಆದೇಶ. ಅದನ್ನು ಹೇಳುವಾಗ ಮೇಜರ್ ಟ್ರಾಪ್‌ನ ಕಣ್ಣಲ್ಲಿ ನೀರಿತ್ತು. ಯಾರಿಗೆ ಆಗದೋ ಅವರು ಹಿಂದೆ ಸರಿಯಬಹುದು ಎಂದೂ ಹೇಳಿದ. ಆ ಕ್ಷಣದಲ್ಲಿ ಸರಿದವರು ಹನ್ನೆರಡು ಮಂದಿಯಷ್ಟೇ. ಆಮೇಲೆ ಕಾಡಿನೊಳಗೆ ಹಲವರು ವಾಂತಿ ಮಾಡಿಕೊಂಡರು, ಕೆಲವರು ಮರಗಳ ಹಿಂದೆ ಅಡಗಿದರು. ಬಹುಪಾಲು ಜನ ಕೆಲಸ ಮುಗಿಸಿದರು. ಕ್ರಿಸ್ಟೋಫರ್ ಬ್ರೌನಿಂಗ್ 1992ರಲ್ಲಿ ಇದನ್ನು ಬಿಡಿಸಿ ಬರೆದರು. ಆ ಪೊಲೀಸರ ತಲೆಯಲ್ಲಿ ಯಾವ ಚಿಪ್ ಕೂಡ ಇರಲಿಲ್ಲ. ಮುಖಗಳೂ ಸ್ಪಷ್ಟವಾಗಿ ಕಂಡಿದ್ದವು. ಹಿಂದೆ ಸರಿದರೆ ಈ ಹೊಲಸು ಕೆಲಸವನ್ನು ಗೆಳೆಯರ ಮೇಲೆ ಹೊರಿಸಿದಂತಾಗುತ್ತದೆ, ಹೇಡಿ ಎನಿಸಿಕೊಳ್ಳಬೇಕಾಗುತ್ತದೆ ಎಂಬ ಸಂಕೋಚವೇ ಸಾಕಾಗಿತ್ತು.

ಹಾಗಾಗಿ ಆರ್ಕೆಟ್‌ನ ಮಾತನ್ನು ನಂಬುವುದಾದರೆ ಈ ಸಂಚಿಕೆ ನಮ್ಮ ಬಗ್ಗೆ ಸ್ವಲ್ಪ ಹೆಚ್ಚೇ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದೆ. ಅದನ್ನು ಸಂಚಿಕೆಯೇ ಒಂದು ಕಡೆ ಒಪ್ಪಿಕೊಳ್ಳುತ್ತದೆ, ಆದರೆ ಅವಸರದಲ್ಲಿ ನೋಡಿದವರಿಗೆ ತಪ್ಪಿಹೋಗುತ್ತದೆ. ಹಳ್ಳಿಯವರ ತಲೆಯಲ್ಲಿ ಮಾಸ್ ಇಲ್ಲ. ಅವರಿಗೆ ಜಿರಲೆಗಳು ಮನುಷ್ಯರಂತೆಯೇ ಕಾಣುತ್ತವೆ. ಆದರೂ ದ್ವೇಷಿಸುತ್ತಾರೆ. ಏಕೆಂದು ಸ್ಟ್ರೈಪ್ ಕೇಳಿದಾಗ, ಜಿರಲೆ ಎನಿಸಿಕೊಂಡವರಲ್ಲೇ ಒಬ್ಬಳಾದ ಕತರೀನಾ ಎಂಬ ಹೆಂಗಸು ಹೇಳುವುದು ಕ್ರಮವಾಗಿ: ಮೊದಲು ಡಿಎನ್‌ಎ ತಪಾಸಣೆ, ಆಮೇಲೆ ನೋಂದಣಿ, ಆಮೇಲೆ ತುರ್ತು ಕ್ರಮಗಳು, ಕೊನೆಗೆ ಆ ಹೆಸರು. ಹೆಸರು ಕಟ್ಟುಕಥೆಯಲ್ಲ. ಆಫ್ರಿಕಾದ ರುವಾಂಡಾದಲ್ಲಿ 1994ರಲ್ಲಿ ಟುಟ್ಸಿ ಜನಾಂಗದವರನ್ನು ರೇಡಿಯೊ ‘ಇನ್ಯೆಂಜಿ’ ಎಂದು ಕರೆಯುತ್ತಿತ್ತು. ಆ ಪದದ ಅರ್ಥ ಜಿರಲೆ. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು, ಬಹಳಷ್ಟು ಮಂದಿ ನೆರೆಯವರ ಕೈಯಲ್ಲಿ, ಮಚ್ಚಿನಿಂದ. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ನಡೆಸಿದವರನ್ನು ಅಪರಾಧಿಗಳೆಂದು ತೀರ್ಪಿತ್ತಿತು. ಕೋಟಿ ಕೋಟಿಯ ಚಿಪ್ ಮಾಡುವ ಕೆಲಸವನ್ನು ಅಲ್ಲಿ ಒಂದು ಪದ ಪುಕ್ಕಟೆಯಾಗಿ ಮಾಡಿತ್ತು.

ಹಾಗಿದ್ದರೆ ಮಾಸ್ ಯಾತಕ್ಕೆ? ಕೊಲ್ಲಿಸಲು ಅಭ್ಯಾಸ, ಗೆಳೆಯ, ಒಂದು ಕೆಟ್ಟ ಹೆಸರು, ಇಷ್ಟು ಸಾಕೆಂದಾದರೆ ಆ ಸೈನ್ಯ ಇಷ್ಟು ಕಷ್ಟಪಟ್ಟು ಪ್ರತಿಯೊಬ್ಬನ ತಲೆ ಕೊರೆದದ್ದೇಕೆ?

ಆರ್ಕೆಟ್‌ನ ಭಾಷಣದ ಮೊದಲ ಅರ್ಧ ಎಲ್ಲರಿಗೂ ನೆನಪಿರುತ್ತದೆ, ಎರಡನೆಯ ಅರ್ಧವನ್ನು ಯಾರೂ ಉಲ್ಲೇಖಿಸುವುದಿಲ್ಲ. ತರಬೇತಿ ಸುಧಾರಿಸಿ ಹೆಚ್ಚು ಜನ ಗುಂಡು ಹಾರಿಸುವಂತಾದರೂ, ಕೊಂದು ಬಂದವರಲ್ಲಿ ಬಹಳ ಜನ ತಲೆಕೆಟ್ಟು ಬಂದರು ಎಂದು ಅವನು ಅಲ್ಲಿ ಹೇಳುತ್ತಾನೆ. ನನ್ನ ಪ್ರಕಾರ ಇಡೀ ಸಂಚಿಕೆಯ ಕೀಲಿ ಅಲ್ಲಿದೆ. ಟ್ರಿಗರ್ ಒತ್ತುವ ಕ್ಷಣದ ಸಮಸ್ಯೆಯನ್ನು ಸೈನ್ಯಗಳು ಎಂದೋ ಬಗೆಹರಿಸಿಕೊಂಡಿವೆ. ಒತ್ತಿದ ಮೇಲೆ ಉಳಿಯುವುದನ್ನು ಏನು ಮಾಡಬೇಕೆಂದು ಯಾರಿಗೂ ಹೊಳೆದಿಲ್ಲ. ಮಾಸ್‌ನ ನಿಜವಾದ ಕೆಲಸ ಅದು. ಕೊಂದ ರಾತ್ರಿ ಸೈನಿಕನಿಗೆ ಅದು ಹಿತವಾದ ಕನಸನ್ನು ಕೊಡುತ್ತದೆ, ಕನಸಿನಲ್ಲಿ ಅವನನ್ನೇ ಕಾಯುತ್ತಿರುವ ಹೆಣ್ಣು. ಬೆಳಿಗ್ಗೆ ಎದ್ದರೆ ಕೈಯಲ್ಲಿ ಯಾವ ಕಲೆಯೂ ಇಲ್ಲ.

ಉಳಿಯುವುದು ಏನು? 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಅದನ್ನು ‘ಶೆಲ್ ಶಾಕ್’ ಎಂಬ ಹೆಸರಿನಲ್ಲಿ ವೈದ್ಯಕೀಯ ಪತ್ರಿಕೆಗೆ ತಂದರು. ಸಿಡಿದ ಶೆಲ್ಲಿನ ಅಲುಗಾಟಕ್ಕೆ ನರ ಕೆಟ್ಟಿದೆ ಎಂದು ಆಗಿನ ಊಹೆ. ಶೆಲ್ಲಿನ ಹತ್ತಿರವೇ ಸುಳಿಯದವರೂ ನಡುಗತೊಡಗಿದಾಗ ಊಹೆ ಬಿದ್ದುಹೋಯಿತು. ವಿಯೆಟ್ನಾಂ ಯುದ್ಧದ ಬಳಿಕ, 1980ರಲ್ಲಿ, ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ‘ಪಿಟಿಎಸ್‌ಡಿ’, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಸೇರಿತು. ಇದರ ಬೇರು ಭಯ. ಸಾವು ಹತ್ತಿರ ಬಂದಾಗ ಹೊತ್ತಿಕೊಂಡ ಎಚ್ಚರಿಕೆಯ ದೀಪ ಅಪಾಯ ಕಳೆದರೂ ಆರುವುದಿಲ್ಲ. ದೀಪಾವಳಿಯ ಪಟಾಕಿಗೆ ಮನುಷ್ಯ ಮಂಚದ ಕೆಳಗೆ ಸೇರುತ್ತಾನೆ. ಆದರೆ ವಿಯೆಟ್ನಾಂನಿಂದ ಬಂದವರ ಜೊತೆ ವರ್ಷಗಟ್ಟಲೆ ಕುಳಿತ ಜೊನಾಥನ್ ಶೇ ಎಂಬ ಮನೋವೈದ್ಯರಿಗೆ ಭಯದ ಲೆಕ್ಕಕ್ಕೆ ಸೇರದ ಇನ್ನೊಂದು ನೋವು ಕಂಡಿತು. ಅದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ನೈತಿಕ ಗಾಯ’ ಎನ್ನಬಹುದು. ‘ನನಗೆ ಏನಾಗಿಬಿಡುತ್ತಿತ್ತು’ ಎಂಬುದು ಭಯ, ‘ನಾನು ಏನು ಮಾಡಿಬಿಟ್ಟೆ’ ಎಂಬುದು ಗಾಯ. ಮೊದಲನೆಯವನಿಗೆ ‘ಈಗ ನೀನು ಸುರಕ್ಷಿತ’ ಎಂದು ಮತ್ತೆ ಮತ್ತೆ ಮನಗಾಣಿಸುವುದು ಔಷಧ. ಎರಡನೆಯವನಿಗೆ ಅದೇ ಮಾತು ಚುಚ್ಚುತ್ತದೆ, ತಾನು ಸುರಕ್ಷಿತವಾಗಿರುವುದೇ ಅವನ ತಕರಾರು.

ಕೊಂದವರ ನೋವು ಪೆಟ್ಟು ತಿಂದವರ ನೋವಿಗಿಂತ ಹಗುರವಿರಬೇಕು ಎಂಬುದು ಸಾಮಾನ್ಯ ಅನಿಸಿಕೆ. ವಿಯೆಟ್ನಾಂ ಸೈನಿಕರ ಅಂಕಿಅಂಶಗಳನ್ನು ರೇಚಲ್ ಮ್ಯಾಕ್‌ನೇರ್ ಮತ್ತೆ ತೂಗಿ ನೋಡಿ ಅದನ್ನು ತಿರುವಿಹಾಕಿದರು. ಕೊಂದೆವೆಂದು ಹೇಳಿದವರಲ್ಲೇ ಲಕ್ಷಣಗಳು ಹೆಚ್ಚು ತೀವ್ರವಾಗಿದ್ದವು. ದೂರವೂ ಕಾಪಾಡುವುದಿಲ್ಲ. ಸಾವಿರಾರು ಮೈಲಿ ಆಚೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಡ್ರೋನ್ ಹಾರಿಸುವವರ ಮಾನಸಿಕ ತೊಂದರೆಗಳು ವಿಮಾನದಲ್ಲಿ ಹೋಗಿ ಬರುವ ಪೈಲಟ್‌ಗಳ ಮಟ್ಟದಲ್ಲೇ ಇವೆ ಎಂದು 2013ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಅಧ್ಯಯನವೇ ಹೇಳಿತು. ಪೈಲಟ್ ಬಾಂಬು ಹಾಕಿ ಹೊರಟುಬಿಡುತ್ತಾನೆ. ಡ್ರೋನಿನವನು ಹೊಗೆ ಕರಗುವವರೆಗೆ ಪರದೆಯನ್ನು ನೋಡುತ್ತ ಕೂರಬೇಕು, ಆಮೇಲೆ ಮನೆಗೆ ಹೋಗಿ ಮಗುವಿನ ಹೋಂವರ್ಕ್ ಮಾಡಿಸಬೇಕು.

ಇಲ್ಲಿ ಉಪನ್ಯಾಸಕ ಒಬ್ಬ ಮನುಷ್ಯನನ್ನು ನೆನಪಿಸಿದ, ಅವನ ಕಥೆ ನನಗೆ ಆರ್ಕೆಟ್‌ನದಕ್ಕಿಂತ ಹಿಡಿಸಿತು. ಡಬ್ಲ್ಯು.ಎಚ್.ಆರ್. ರಿವರ್ಸ್. 1901–02ರಲ್ಲಿ ನಮ್ಮ ಪಕ್ಕದ ನೀಲಗಿರಿಗೆ ಬಂದು, ತೋಡರ ಎಮ್ಮೆ, ಮಂದೆ, ನೆಂಟಸ್ತಿಕೆಗಳನ್ನು ಅಭ್ಯಾಸ ಮಾಡಿ ದಪ್ಪ ಪುಸ್ತಕ ಬರೆದ ಇಂಗ್ಲಿಷ್ ವೈದ್ಯ. ಮೊದಲ ಮಹಾಯುದ್ಧದಲ್ಲಿ ಅದೇ ಮನುಷ್ಯ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಮನಸ್ಸು ಮುರಿದ ಅಧಿಕಾರಿಗಳಿಗೆ ಚಿಕಿತ್ಸೆ ಕೊಟ್ಟ. ಕವಿ ಸಿಗ್ಫ್ರಿಡ್ ಸಸೂನ್ 1917ರಲ್ಲಿ ಅವನ ರೋಗಿಯಾಗಿದ್ದ. ‘ಮರೆತುಬಿಡಿ, ಬೇರೆ ಏನಾದರೂ ಒಳ್ಳೆಯದನ್ನು ಯೋಚಿಸಿ’ ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದಾಗ ರಿವರ್ಸ್, ಮರೆಯಲು ಒದ್ದಾಡುವುದೇ ರೋಗವನ್ನು ಬೆಳೆಸುತ್ತದೆ, ನೆನಪನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕು ಎಂದ. ಮಾಸ್‌ಗೆ ನೂರು ವರ್ಷ ಮುಂಚೆಯೇ ಕೊಟ್ಟ ಉತ್ತರ ಅದು. ಆದರೆ ರಿವರ್ಸ್‌ಗೂ ಆರ್ಕೆಟ್‌ಗೂ ಇರುವ ಅಂತರ ನಾವು ಬಯಸುವಷ್ಟು ದೊಡ್ಡದಲ್ಲ. ಗುಣವಾದವರನ್ನು ಅವನು ಮತ್ತೆ ಕಂದಕಕ್ಕೇ ಕಳಿಸಬೇಕಿತ್ತು. ಕಳಿಸಿದ. ಸಸೂನ್ ಕೂಡ ಹೋದ.

ವಾಸನೆಯ ವಿಷಯಕ್ಕೆ ಒಂದು ಮಾತು, ಏಕೆಂದರೆ ಸಂಚಿಕೆಯಲ್ಲಿ ನನಗೆ ಅತ್ಯಂತ ಜಾಣತನದ್ದು ಎನಿಸಿದ ತಿರುವು ಅದು. ಯಂತ್ರ ಕೆಟ್ಟಾಗ ಸ್ಟ್ರೈಪ್‌ಗೆ ಮೊದಲು ಮರಳುವುದು ನೋಟವಲ್ಲ, ಹುಲ್ಲಿನ ಗಂಧ. ನೋಟ, ಸದ್ದು, ಸ್ಪರ್ಶ ಎಲ್ಲವೂ ಮಿದುಳಿನಲ್ಲಿ ಥಲಾಮಸ್ ಎಂಬ ಜಂಕ್ಷನ್‌ನಲ್ಲಿ ನಿಂತು, ತಪಾಸಣೆಯಾಗಿ ಮುಂದೆ ಹೋಗುತ್ತವೆ. ವಾಸನೆ ಮಾತ್ರ ಆ ಜಂಕ್ಷನ್‌ನಲ್ಲಿ ನಿಲ್ಲದ ಎಕ್ಸ್‌ಪ್ರೆಸ್. ಭಯದ ಮನೆಯಾದ ಅಮಿಗ್ಡಲಾ, ನೆನಪಿನ ಮನೆಯಾದ ಹಿಪೊಕ್ಯಾಂಪಸ್‌ಗಳ ಬಾಗಿಲಿಗೇ ಹೋಗಿ ಬಡಿಯುತ್ತದೆ. ಮೂವತ್ತು ವರ್ಷದ ಹಿಂದಿನದೆಲ್ಲ ಡೀಸೆಲ್ ಹೊಗೆಯೊಂದರಲ್ಲಿ ಎದ್ದು ಕೂರುವುದು ಇದರಿಂದಲೇ. ನಾವು ಇದನ್ನು ಉತ್ಸಾಹದಿಂದ ಚರ್ಚಿಸುತ್ತಿದ್ದಾಗ ಹವಾಲ್ದಾರರು ಎದ್ದು ಬಾಗಿಲ ಬಳಿ ಹೋಗಿ ನಿಂತರು. ನಾನು ಆಗ ಅದನ್ನು ಗಮನಿಸಲಿಲ್ಲ, ಆಮೇಲೆ ನೆನಪಾಯಿತು.

ಕೋಲಾರದ ಕಡೆಯವರಿಗೆ ಈ ‘ಉಳಿಯುವುದು’ ಹೊಸ ವಿಷಯವಾಗಬೇಕಿಲ್ಲ. ನಮ್ಮ ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ವೀರಗಲ್ಲುಗಳು ಇನ್ನೂ ಇವೆ. ಗಂಗರು, ಬಾಣರು, ನೊಳಂಬರು, ವೈದುಂಬರು ಈ ನೆಲಕ್ಕಾಗಿ ಕಾದಾಡಿದ ಕಾಲದವು ಎಷ್ಟೋ. ಊರ ದನಗಳನ್ನು ಬಿಡಿಸಲು ಹೋಗಿ ಸತ್ತವರವು ಇನ್ನೆಷ್ಟೋ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲಿ ಹತ್ತನೆಯದು ಪೂರ್ತಿ ಕೋಲಾರ ಜಿಲ್ಲೆಯದೇ. ನನ್ನ ಅಜ್ಜಿಯ ಊರಿನ ಕೆರೆಯ ಬಳಿ ಅಂಥದೊಂದು ಕಲ್ಲಿದೆ, ಮಳೆಗೆ ಸವೆದು ಮೂಗು ಕಣ್ಣು ಹೋಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನು, ಅವನ ಮೈಗೆ ನೆಟ್ಟ ಬಾಣಗಳು. ನಡುವೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ. ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಕೊರೆದ ಶ್ಲೋಕ ಇದರ ವ್ಯಾಖ್ಯಾನವೇ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಅಳಿಯುವ ದೇಹಕ್ಕೆ ರಣದಲ್ಲಿ ಸಾವಿನ ಚಿಂತೆ ಯಾತಕ್ಕೆ? ಸ್ಟ್ರೈಪ್‌ನ ಕನಸಿನಲ್ಲಿ ಬರುವವಳನ್ನು ನೋಡಿದಾಗ ನನಗೆ ಅಜ್ಜಿಯ ಊರಿನ ಕಲ್ಲಿನ ನಡುವಿನ ಪಟ್ಟಿಕೆ ನೆನಪಾಗಿ ಮೈ ಜುಮ್ಮೆಂದಿತು. ಅದೇ ಹೆಣ್ಣು, ಸಾವಿರ ವರ್ಷ ಈಚೆ.

ಎರಡು ವ್ಯತ್ಯಾಸಗಳಿವೆ. ಕಲ್ಲಿನಲ್ಲಿ ಶತ್ರುವಿಗೂ ಮನುಷ್ಯನ ಮೈಯೇ. ಅವನನ್ನು ಹುಳುವಾಗಿ ಕೊರೆದಿಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನಂಥ ಸಾವು ನನಗೂ ಬರಲಿ ಎನ್ನುತ್ತಾನಲ್ಲ, ಆ ಕಣ್ಣು ಅಲ್ಲಿದೆ. ಎರಡನೆಯದು, ಕಲ್ಲು ಸತ್ತವನಿಗೆ ಮಾತ್ರ. ಬಾಣ ಬಿಟ್ಟು, ಬದುಕಿ, ದನ ಹೊಡೆದುಕೊಂಡು ಮನೆಗೆ ಬಂದವನಿಗೆ ಕಲ್ಲಿಲ್ಲ, ಅಪ್ಸರೆಯಿಲ್ಲ. ಅವನಿಗೆ ಸಿಗುವುದು ಶ್ಲೋಕದ ಮೊದಲ ಪಾದ, ಲಕ್ಷ್ಮಿ. “ಅಂದರೆ ಪಿಂಚಣಿ,” ಎಂದರು ಬಾಗಿಲಿನಿಂದ ಮರಳಿ ಬಂದಿದ್ದ ಹವಾಲ್ದಾರರು, “ಮತ್ತೆ ಕ್ಯಾಂಟೀನ್ ಕಾರ್ಡು.” ಎಲ್ಲರೂ ನಕ್ಕೆವು.

ಸಂಚಿಕೆಯ ಕೊನೆಯಲ್ಲಿ ಸ್ಟ್ರೈಪ್‌ಗೆ ಆರ್ಕೆಟ್ ಎರಡು ದಾರಿ ಇಡುತ್ತಾನೆ. ಮಾಸ್ ಸರಿಪಡಿಸಿಕೊಂಡು ಎಲ್ಲವನ್ನೂ ಮರೆಯುವುದು, ಇಲ್ಲವೇ ಸೆರೆಮನೆಯಲ್ಲಿ ಕೂತು ತಾನು ಕೊಂದದ್ದನ್ನು, ಈ ಸಲ ನಿಜವಾದ ಮುಖಗಳೊಂದಿಗೆ, ಮುಗಿಯದೆ ನೋಡುತ್ತಿರುವುದು. ಇದಕ್ಕೆಲ್ಲ ಒಪ್ಪಿ ಸಹಿ ಹಾಕಿದವನು ಅವನೇ ಎಂಬ ವಿಡಿಯೊ ಕೂಡ ತೋರಿಸುತ್ತಾನೆ. ಒಪ್ಪಿದ್ದನ್ನೂ ಯಂತ್ರ ಮರೆಸಿದೆ. ಕೊನೆಯ ದೃಶ್ಯದಲ್ಲಿ ಪದಕ ಧರಿಸಿ ಅವನು ಮನೆಗೆ ಬರುತ್ತಾನೆ. ಅವನಿಗೆ ಕಾಣುವುದು ಚಂದದ ಮನೆ, ಬಾಗಿಲಲ್ಲಿ ಕಾಯುತ್ತಿರುವ ಹೆಣ್ಣು. ನಮಗೆ ಕಾಣುವುದು ಪಾಳುಬಿದ್ದ ಗೋಡೆ, ಯಾರೂ ಇಲ್ಲ. ಅವನ ಕಣ್ಣಲ್ಲಿ ಮಾತ್ರ ನೀರು. ಮರೆತವನಿಗೆ ನೀರು ಏಕೆ ಬಂತು ಎಂಬುದರ ಮೇಲೆ ನಮ್ಮ ಜಗಳ ಆ ವಾರ ಮುಗಿಯಲಿಲ್ಲ.

ಶುಕ್ರವಾರ, ದೇವನಗೊಂದಿ ದಾಟಿದ ಮೇಲೆ, ಹವಾಲ್ದಾರರು ಒಂದು ಪ್ರಶ್ನೆ ಕೇಳಿದರು. ಯಂತ್ರ ಕೆಟ್ಟ ಮೇಲೆ ಆ ಹೆಂಗಸು ಹುಡುಗನ ಜೊತೆ ಮಾತನಾಡಿದಳಲ್ಲ, ಯಾವ ಭಾಷೆಯಲ್ಲಿ?

“ಇಂಗ್ಲಿಷಿನಲ್ಲಿ,” ಎಂದೆವು.

“ಅವನಿಗೆ ಗೊತ್ತಿರುವ ಭಾಷೆಯೇ.”

“ಹೌದು.”

ಅವರು ಸ್ವಲ್ಪ ಹೊತ್ತು ಹೊರಗೆ ನೋಡಿದರು. ಆಮೇಲೆ, ತಾನು 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದೆ ಎಂದರು. ತುಕಡಿಯಲ್ಲಿ ಹೆಚ್ಚಿನವರು ಉತ್ತರದ ಕಡೆಯವರು. ಬಂಗಾರಪೇಟೆಯಲ್ಲಿ ಬೆಳೆದ ಯಾರಿಗೆ ತಮಿಳು, ತೆಲುಗು ಬರುವುದಿಲ್ಲ? “ತಮಿಳು ಬರುತ್ತದೆ ಎಂದು ಮನೆ ಮನೆ ಹುಡುಕುವಾಗ ನನ್ನನ್ನೇ ಮುಂದೆ ನಿಲ್ಲಿಸುತ್ತಿದ್ದರು. ಅವರ ಧಾಟಿ ಬೇರೆ, ಆದರೆ ತಿಳಿಯುತ್ತಿತ್ತು. ಉಳಿದವರಿಗೆ ಅದು ಬರೀ ಕೂಗಾಟ. ರಾತ್ರಿ ಅವರೆಲ್ಲ ಮಲಗಿಬಿಡುತ್ತಿದ್ದರು.”

ಕೆಜಿಎಫ್‌ನ ಉಪನ್ಯಾಸಕ, ಮನೆಯಲ್ಲಿ ತಮಿಳು ಮಾತನಾಡುವವನು, ಏನೋ ಕೇಳಲು ಬಾಯಿ ತೆರೆದು ಮುಚ್ಚಿದ. ವೈಟ್‌ಫೀಲ್ಡ್ ಬಂತು. ಹವಾಲ್ದಾರರು ಊಟದ ಚೀಲ ತೆಗೆದುಕೊಂಡರು, ಗುರುತಿನ ಚೀಟಿಯ ದಾರ ಸರಿಮಾಡಿಕೊಂಡರು, ಇಳಿದರು.

ಸೋಮವಾರ ಅವರು ನಮ್ಮ ಡಬ್ಬಿಗೆ ಹತ್ತಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಬಂದು ಕಿಟಕಿಯ ಪಕ್ಕ ಕುಳಿತರು, ರೈಲು ಹೊರಟಿತು. “ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಗುತ್ತಿದೆಯಂತೆ?” ಎಂದು ಕೇಳಿದರು. ನಾವು ನಾಲ್ವರೂ ಒಟ್ಟಿಗೆ ಉತ್ತರ ಹೇಳಿದೆವು.